ಭೋಜನ್ ಬಿಚ್ಚಿ ಜೋಡಿಸಿದ ಹೆರಾಲ್ಡ್

ಊಟಿಯ ಹತ್ತಿರ, ಕೆತ್ತಿಯ ಕಣಿವೆಗೆ ಮುಖ ಮಾಡಿದ ಆ ಹಟ್ಟಿಯಲ್ಲಿ ಭೋಜನ್ ಎಂಬ ಹೆಸರಿನವರು ಮೂರ್ನಾಲ್ಕು ಜನ ಇದ್ದರು. ಬರಿಯ ಭೋಜನ್ ಎಂದು ಕೇಳಿಕೊಂಡು ಬಂದವರಿಗೆ ಬಸ್ ಸ್ಟಾಪಿನ ಅಂಗಡಿಯವನು ಮರುಪ್ರಶ್ನೆ ಹಾಕುತ್ತಿದ್ದ. ‘ಡಬ್ಬಿ ಭೋಜನ್’ ಎಂದರೆ ಸಾಕು, ಆಡುತ್ತಿದ್ದ ಮಕ್ಕಳೇ ಮುಂದೆ ಓಡಿ ಮನೆ ತೋರಿಸುತ್ತಿದ್ದವು.

ಆ ಹೆಸರು ಅಂಟಿದ್ದು ಟೀ ಎಲೆಯ ಫ್ಯಾಕ್ಟರಿಯಲ್ಲಿ. ಭೋಜನ್ ಅಲ್ಲಿ ಫಿಟ್ಟರ್ ಆಗಿದ್ದ. ಸೇರಿದ ಹೊಸದರಲ್ಲಿ, ಮೀಸೆ ಇನ್ನೂ ಸರಿಯಾಗಿ ಬಾರದ ವಯಸ್ಸಿನಲ್ಲಿ, ಎಲೆ ಹೊಸೆಯುವ ಯಂತ್ರವೊಂದನ್ನು ಎಲ್ಲರೂ ಸೇರಿ ಬಿಚ್ಚಿ ಮತ್ತೆ ಜೋಡಿಸಿದಾಗ ನೆಲದ ಮೇಲೆ ಒಂದು ಬೋಲ್ಟು ಉಳಿದುಬಿಟ್ಟಿತ್ತು. ಇದು ಎಲ್ಲಿಯದು ಎಂದು ಕೇಳಿದ್ದಕ್ಕೆ, ಓಡುತ್ತಿದೆಯಲ್ಲ ಬಿಡು ಎಂದರು ಮೇಲಿನವರು. ಆ ವಾರವೇ ಯಂತ್ರದ ತಟ್ಟೆ ಜರುಗಿ ಕಾಳಿಯಮ್ಮ ಎಂಬ ಹೆಂಗಸಿನ ಬೆರಳುಗಳು ಹೋದವು. ನೀರು ಹಾಕಿ ನೆಲ ತೊಳೆದವನು ಭೋಜನ್. ಅಂದಿನಿಂದ ಅವನು ಏನು ಬಿಚ್ಚಿದರೂ ಬಿಚ್ಚಿದ್ದನ್ನೆಲ್ಲ ಡಬ್ಬಿಗೆ ಹಾಕಿ, ಡಬ್ಬಿಗೆ ಗುರುತು ಕಟ್ಟಿ, ಡಬ್ಬಿ ಖಾಲಿಯಾಗುವವರೆಗೆ ಯಾರಿಗೂ ಸ್ವಿಚ್ಚು ಮುಟ್ಟಲು ಬಿಡುತ್ತಿರಲಿಲ್ಲ. ಜನ ನಕ್ಕರು, ಹೆಸರಿಟ್ಟರು. ನಿವೃತ್ತಿಯ ದಿನ ಹಾರ ಹಾಕಿದವರೂ ಅದೇ ಹೆಸರು ಹೇಳಿ ನಕ್ಕರು.

ಮನೆಯಲ್ಲಿ ಕೂತ ಗಂಡಸು ಏನು ಮಾಡಬೇಕು? ಭೋಜನ್‌ಗೆ ಟೀ ತೋಟದ ಕೆಲಸ ಒಗ್ಗುತ್ತಿರಲಿಲ್ಲ, ಮೊಣಕಾಲು ಹಿಡಿಯುತ್ತಿತ್ತು. ಅವನ ಈ ಪಾಡು ನೋಡಿ, ರಿಪೇರಿ ಮಾಡುತ್ತ ಕೂರಲೆಂದು ಒಂದು ಕಾರನ್ನು ತಂದುಕೊಟ್ಟವನು ಹೆಂಡತಿಯ ತಮ್ಮ ಸುಧಾಕರನ್.

ಸುಧಾಕರನ್ ತುಮ್ಮನಟ್ಟಿಯಲ್ಲಿ ಕ್ಯಾರೆಟ್ಟು, ಬೆಳ್ಳುಳ್ಳಿ ಬೆಳೆಯುತ್ತಿದ್ದ. ಸ್ವಂತ ಪಿಕಪ್ ವ್ಯಾನು ಇತ್ತು. ಅವನ ತಾಯಿ ತೀರಿಹೋದಾಗ ಅವನು ಮೊಲೆ ಬಿಡದ ಕೂಸು. ಅಕ್ಕ ಲಿಂಗಿಯೇ ಬೆನ್ನಿಗೆ ಕಟ್ಟಿಕೊಂಡು ಎಲೆ ಕಿತ್ತು ಅವನನ್ನು ಸಾಕಿದವಳು. ಮದುವೆಯಾಗಿ ಬರುವಾಗಲೂ ಜೊತೆಗೆ ಕರೆದುಕೊಂಡೇ ಬಂದಿದ್ದಳು. ಭೋಜನ್‌ಗೂ ಲಿಂಗಿಗೂ ಮಕ್ಕಳಾಗಲಿಲ್ಲ. ಆ ಹುಡುಗನಿಗೆ ಸೈಕಲ್ ಕಲಿಸಿದ್ದು, ಪರೀಕ್ಷೆಯಲ್ಲಿ ಫೇಲಾದಾಗ ಅವನ ಅಪ್ಪನ ಬೆತ್ತದಿಂದ ತಪ್ಪಿಸಿದ್ದು, ಕಮಲಂಳನ್ನು ಹೆಣ್ಣು ನೋಡಲು ಹೋದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಭೋಜನ್.

ಕಲ್ಲಟ್ಟಿಯ ಹತ್ತಿರದ ಒಂದು ಬಂಗಲೆಯ ಹಿಂದೆ, ಮಾಡು ಕುಸಿದ ಲಾಯದಲ್ಲಿ, ಒಂದು ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಬಂಗಲೆಯ ಹಳೆಯ ಡ್ರೈವರ್ ಭೀಮ ಎಂಬ ಮುದುಕ ಮಸಿನಗುಡಿಯಲ್ಲಿ ಮಗಳ ಮನೆ ಸೇರಿದ್ದ. ಅವನೇ ಒಡೆಯರ ಕಡೆಯವರಿಗೆ ಹೇಳಿ ಕೊಡಿಸಿದ. ಕಣ್ಣಿನ ಪೊರೆ ಬೆಳೆದು ಮುದುಕನಿಗೆ ಏನೂ ಕಾಣುತ್ತಿರಲಿಲ್ಲ. “ಓಡುವ ಹಾಗೆ ಆದರೆ ಒಂದು ಸಲ ಇಲ್ಲಿ ತಂದು ಸದ್ದು ಕೇಳಿಸಪ್ಪಾ” ಎಂದನಂತೆ. ಸುಧಾಕರನ್ ಮಾತು ಕೊಟ್ಟು ಕಾರನ್ನು ಹಗ್ಗ ಕಟ್ಟಿ ಎಳೆದು ತಂದ.

“ಎಮ್ಮೆ ಹೋದ ಕೊಟ್ಟಿಗೆಗ ಕಬ್ಬಿಣದ ಎಮ್ಮೆ ತಂದೆಯಾ?” ಎಂದಳು ಲಿಂಗಿ.

“ಇದು ಹಾಲು ಕೊಡಲಿಲ್ಲೆ ಅಂದರೂ ಬಾವ ಬೀಡಿ ಸೇದುವುದು ಬಿಡುಗು ಅಕ್ಕ” ಎಂದ ತಮ್ಮ.

ಭೋಜನ್ ಬಿಚ್ಚಲು ಕೂತ. ಒಂದು ಕಾರಿನೊಳಗೆ ಅಷ್ಟೊಂದು ಸಾಮಾನು ಇರುತ್ತದೆಂದು ಲಿಂಗಿಗೆ ಗೊತ್ತಿರಲಿಲ್ಲ. ಮೊದಮೊದಲು ಬೈದುಕೊಂಡು ಓಡಾಡಿದವಳು, ಗಂಡ ಕಾಗದದ ಚೀಟಿ ಬರೆದು ಕಟ್ಟುವುದನ್ನೂ, ಎಣ್ಣೆ ಕೈ ತಾಗಿ ಅದು ಹರಿಯುವುದನ್ನೂ ನೋಡಿ ತಾಳಲಾರದೆ ತಾನು ಉಡುತ್ತಿದ್ದ ಹಳೆಯ ಬಿಳಿ ಮುಂಡನ್ನು ಉದ್ದುದ್ದಕ್ಕೆ ಸೀಳಿ ಕೊಟ್ಟಳು. ಬಟ್ಟೆಯ ಪಟ್ಟಿ ಹರಿಯುವುದಿಲ್ಲ, ಗಂಟು ನಿಲ್ಲುತ್ತದೆ. ಅವನು ಹೇಳುವುದು, ಅವಳು ಇಂಕಿನ ಪೆನ್ನಿನಲ್ಲಿ ತಮಿಳಿನಲ್ಲಿ ಬರೆಯುವುದು. ‘ಎಡಗಡೆ ಮುಂದಿನ ಚಕ್ರ’, ‘ಡೈನಮೋ’, ‘ಬಾಗಿಲು ಬಲ’. ಹಾಲಿನ ಪುಡಿಯ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಹಟ್ಟಿಯ ಮನೆಮನೆಯಿಂದ ತಂದವು. ಇಂಜಿನ್ನಿನ ಕವಾಟಗಳು ಕೂತಿದ್ದ ಸಾಲಿನಲ್ಲೇ ಮೊಟ್ಟೆಯ ಟ್ರೇಯಲ್ಲಿ ಕೂತವು. ನೀರಿನ ಪಂಪಿನ ಬೋಲ್ಟುಗಳು ಒಂದೊಂದರ ಉದ್ದ ಬೇರೆಬೇರೆ. ಅದಕ್ಕೆ ರಟ್ಟಿನ ಮೇಲೆ ಪಂಪಿನ ಆಕಾರ ಬರೆದು ತೂತು ಕೊರೆದು, ಯಾವ ಬೋಲ್ಟು ಯಾವ ತೂತಿನದೋ ಅಲ್ಲೇ ಚುಚ್ಚಿಟ್ಟ. ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಫೋನಿನಲ್ಲಿ ಫೋಟೋ.

ಇವೆಲ್ಲದರ ಮೇಲೆ ಕೆಂಪು ಬಣ್ಣ ಬಳಿದ ಒಂದು ಡಬ್ಬಿ ಇತ್ತು. ಸದ್ಯಕ್ಕೆಂದು ಬೇರೇನನ್ನಾದರೂ ಸಿಕ್ಕಿಸಿ ಕೆಲಸ ಮುಂದುವರಿಸಿದಾಗ, ಅಲ್ಲಿ ನಿಜವಾಗಿ ಹಾಕಬೇಕಾದದ್ದನ್ನು ಭೋಜನ್ ಕೆಂಪು ದಾರ ಕಟ್ಟಿ ಆ ಡಬ್ಬಿಯಲ್ಲಿ ಇಡುತ್ತಿದ್ದ. ಡಬ್ಬಿ ಖಾಲಿಯಾದ ಮೇಲೆಯೇ ಕಾರು ರಸ್ತೆಗೆ. ನೆನಪಿಗೆ ಕೆಲಸ ಕೊಡಬಾರದೆಂದೇ ಅವನು ಅದನ್ನು ಇಟ್ಟದ್ದು. ಅರವತ್ತು ದಾಟಿದವನ ನೆನಪನ್ನು ಅವನು ನಂಬುತ್ತಿರಲಿಲ್ಲ.

ಸಾಲುಸಾಲು ಮಳೆಗಾಲ ಕಳೆದವು. ಆ ದಿನಗಳು ಚೆನ್ನಾಗಿದ್ದವು. ಭಾನುವಾರ ಸುಧಾಕರನ್ ಬರುತ್ತಿದ್ದ. ಅಕ್ಕ ಕೊಟ್ಟಿಗೆಯ ಹೊಸ್ತಿಲ ಮೇಲೆ ಬಟಾಣಿ ಸುಲಿಯುತ್ತ ಕೂತರೆ, ತಮ್ಮ ಉಪ್ಪುಕಾಗದ ಹಿಡಿದು ತುಕ್ಕು ತಿಕ್ಕುತ್ತ ಅವಳನ್ನು ಕೆಣಕುತ್ತಿದ್ದ.

ಬ್ರೇಕಿನ ಕೆಲಸ ಆದದ್ದು ಒಂದು ಬೇಸಿಗೆಯಲ್ಲಿ. ಕಾಲಲ್ಲಿ ತುಳಿಯುವ ಪೆಡಲ್ಲಿಗೂ ಬ್ರೇಕಿನ ಎಣ್ಣೆ ತಳ್ಳುವ ಸರಳಿಗೂ ನಡುವೆ ಒಂದು ಅಡ್ಡಕೀಲು ಇರುತ್ತದೆ. ಆ ಕೀಲು ಜಾರದ ಹಾಗೆ ಅದರ ತುದಿಯ ತೂತಿನಲ್ಲಿ ಎರಡು ಕಾಲಿನ ಒಂದು ಸಣ್ಣ ಸೀಳುಪಿನ್ನು ತೂರಿಸಿ ಕಾಲು ಮಡಚಬೇಕು. ಪೆಡಲನ್ನು ಮತ್ತೆ ಕಳಚುವುದಿತ್ತು. ಆದ್ದರಿಂದ ಭೋಜನ್ ಸದ್ಯಕ್ಕೆ ಅಲ್ಲಿ ಒಂದು ತಾಮ್ರದ ತಂತಿ ತಿರುಚಿ, ಕೊಯಮತ್ತೂರಿನಿಂದ ತಂದ ಹೊಸ ಪಿನ್ನನ್ನು ವಾಷರಿನ ಜೊತೆ ಕೆಂಪು ದಾರದಲ್ಲಿ ಕಟ್ಟಿ ಕೆಂಪು ಡಬ್ಬಿಗೆ ಹಾಕಿದ. ಆಮೇಲೆ ಇಂಜಿನ್ನಿನ ಕೆಲಸ ಬಂತು, ಸೀಟು ಹೊಲಿಸುವ ಕೆಲಸ ಬಂತು.

ದೀಪಾವಳಿಯ ಹೊತ್ತಿನ ಐಪ್ಪಸಿ ತಿಂಗಳ ಮಳೆ ಆ ವರ್ಷ ವಿಪರೀತ. ಭೋಜನ್ ಕಣ್ಣಿನ ಆಪರೇಷನ್ನಿಗೆಂದು ಕೊಯಮತ್ತೂರಿಗೆ ಹೋಗಿದ್ದಾಗ ಗಾಳಿಗೆ ಕೊಟ್ಟಿಗೆಯ ತಗಡು ಹಾರಿ ನೀರು ನೇರ ಡಬ್ಬಿಗಳ ಮೇಲೆ ಸುರಿಯಿತು. ಲಿಂಗಿ ಒಬ್ಬಳೇ ಸೆರಗು ತಲೆಗೆ ಸುತ್ತಿಕೊಂಡು ಡಬ್ಬಿಗಳನ್ನೆಲ್ಲ ಮನೆಯೊಳಗೆ ಹೊತ್ತಳು. ಪಟ್ಟಿಗಳ ಇಂಕು ಕರಗಿ ನೀಲಿ ಕಲೆಯಾಗಿತ್ತು. ಕೆಲವು ಡಬ್ಬಿ ಮಗುಚಿದ್ದವು. ಅವಳು ಎಲ್ಲವನ್ನೂ ಒಲೆಯ ಮುಂದೆ ಹರಡಿ, ಒರೆಸಿ, ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ, ತನಗೆ ತೋಚಿದಂತೆ ಜೋಡಿಸಿಟ್ಟಳು. ಬೋಲ್ಟು ಬೋಲ್ಟಿನ ಜೊತೆ, ಪಿನ್ನು ಪಿನ್ನಿನ ಜೊತೆ.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದ ಭೋಜನ್ ಇಂಕು ಕರಗಿದ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಆಮೇಲೆ ಹೇಳಿದ, “ನೀ ಇಲ್ಲದಿದ್ದರೆ ಎಲ್ಲಾ ತುಕ್ಕಾಗಿ ಹೋಗುತ್ತಿತ್ತು.” ವಾರಗಟ್ಟಲೆ ಕೂತು, ಫೋಟೋ ನೋಡಿ, ಒಂದೊಂದನ್ನೂ ಮತ್ತೆ ಅದರದರ ಡಬ್ಬಿಗೆ ಸೇರಿಸಿದ. ಉಳಿಕೆ ಸೀಳುಪಿನ್ನುಗಳ ಡಬ್ಬಿಯನ್ನು ಮಾತ್ರ ಅವಳು ಜೋಡಿಸಿದ ಹಾಗೇ ಬಿಟ್ಟ. ಕೆಂಪು ಡಬ್ಬಿಯನ್ನು ತೆರೆದು ನೋಡಿದ. ಖಾಲಿಯಿತ್ತು. ಸರಿ, ಸದ್ಯಕ್ಕೆ ಹಾಕಿದ್ದೆಲ್ಲ ಮುಗಿದಿದೆ ಎಂದುಕೊಂಡು ಮುಚ್ಚಿಟ್ಟ.

ಶಿವರಾತ್ರಿಯ ಹೊತ್ತಿಗೆ, ಮಾಸಿ ತಿಂಗಳ ಬಿಸಿಲಿಗೆ ಹೆರಾಲ್ಡ್ ಹೊರಗೆ ಬಂತು. ಹಟ್ಟಿಯ ಹೆಂಗಸರು ಅದಕ್ಕೆ ಕುಂಕುಮ ಇಟ್ಟರು. ಲಿಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಭೋಜನ್ ಊಟಿಯವರೆಗೆ ಹೋಗಿ ಬಂದ. ಇನ್ನೊಂದು ದಿನ ಕೂನೂರಿಗೆ ಹೋದರು. ಬ್ರೇಕು ತುಳಿದಲ್ಲಿ ಹಿಡಿಯುತ್ತಿತ್ತು. ಒಳಗೆ ತಾಮ್ರದ ತಂತಿ ಪ್ರತಿ ತುಳಿತಕ್ಕೂ ಸ್ವಲ್ಪಸ್ವಲ್ಪವೇ ಸವೆಯುತ್ತಿತ್ತು.

ಸುಧಾಕರನ್ ಬಂದು, “ಬಾವ, ಮಸಿನಗುಡಿ ಮುದುಕನಿಗ ಮಾತು ಕೊಟ್ಟಿದ್ದೆ. ಈಗ ಹಾಸಿಗೆ ಹಿಡಿದಿದ್ದಾನಂತೆ. ನಾಳೆ ಇಬ್ಬರೂ ಹೋಗಿ ಬರೋಣ” ಎಂದ. ಆದರೆ ಮರುದಿನ ಬೆಳಿಗ್ಗೆ ಹಟ್ಟಿಯಲ್ಲಿ ಒಂದು ಸಾವಾಯಿತು. ಹೆಣ ಎತ್ತುವ ಮನೆ ಬಿಟ್ಟು ಭೋಜನ್ ಹೊರಡುವ ಹಾಗಿರಲಿಲ್ಲ. ಅವನು ಕೀಲಿ ಕೊಟ್ಟ. “ಕಲ್ಲಟ್ಟಿ ಘಾಟಿ ಇಳಿಯುವಾಗ ಎರಡನೇ ಗೇರು ಬಿಟ್ಟು ಮೇಲೆ ಹೋಗಬೇಡ. ಆತುರ ಏನೂ ಇಲ್ಲೆ.”

“ಆ ದಾರಿಯಲಿ ಎಷ್ಟು ಲೋಡು ಇಳಿಸಿದ್ದೆ ಬಾವ, ಎನಗ ಹೇಳುತ್ತೀಯಾ?” ಎಂದು ನಗುತ್ತ ಅವನು ಹೋದ.

ಫೋನು ಬಂದಾಗ ಭೋಜನ್ ಇನ್ನೂ ಆ ಸಾವಿನ ಮನೆಯ ಅಂಗಳದಲ್ಲೇ ಇದ್ದ. ಕಲ್ಲಟ್ಟಿ ಜಲಪಾತದ ಕೆಳಗಿನ ಒಂದು ತಿರುವಿನಲ್ಲಿ ಕಾರು ತಡೆಗೋಡೆ ಒಡೆದು ಲಂಟಾನದ ಪೊದೆಗೆ ಉರುಳಿತ್ತು. ಅವನು ಹೋಗಿ ಮುಟ್ಟುವಷ್ಟರಲ್ಲಿ ಸುಧಾಕರನ್‌ನನ್ನು ಮೇಲೆ ತಂದು ರಸ್ತೆಯ ಮೇಲೆ ಮಲಗಿಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ. ಎದೆ ಮಾತ್ರ ಒಳಗೆ ಹೋಗಿತ್ತು.

ಲಿಂಗಿ ಅಳಲಿಲ್ಲ. ತುಮ್ಮನಟ್ಟಿಯ ಮನೆಯ ಮುಂದೆ ತಮ್ಮನ ಕಾಲ ಹತ್ತಿರ ಕೂತು, ಆ ಕಾಲುಗಳನ್ನು ತನ್ನ ಮಡಿಲಿಗೆ ಎತ್ತಿಕೊಂಡು, ಮಗುವಿನ ಪಾದ ಬೆಚ್ಚಗೆ ಮಾಡುವವಳಂತೆ ಉಜ್ಜುತ್ತಲೇ ಇದ್ದಳು. ಎಬ್ಬಿಸಲು ಮೂವರು ಹೆಂಗಸರು ಬೇಕಾಯಿತು.

ಕಾರನ್ನು ಪರೀಕ್ಷಿಸಿದ ಅಧಿಕಾರಿ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಗೇರು ನ್ಯೂಟ್ರಲ್‌ನಲ್ಲಿ ಇತ್ತು. ಇಳಿಜಾರಿನಲ್ಲಿ ಗೇರು ತಪ್ಪಿಸಿ ಹಾಗೇ ಬಿಟ್ಟುಕೊಂಡು ಹೋಗಿದ್ದಾನೆ, ಹಳೆಯ ಗಾಡಿ, ತಡೆಯಲಿಲ್ಲ ಎಂದು ಬರೆದುಕೊಂಡ. ಅಷ್ಟಾದ ಮೇಲೆ ಜನರ ಬಾಯಿಗೆ ತಡೆಯಿಲ್ಲ. ಸುಧಾಕರನ್ ಒಂದು ಕಾಲದಲ್ಲಿ ಕುಡಿಯುತ್ತಿದ್ದ. ಮಗಳು ಜನನಿ ಹುಟ್ಟಿದ ದಿನ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಈಗ ಅದು ಎದ್ದು ಬಂತು. ಕಾರಿನೊಳಗೆ ವಾಸನೆ ಇತ್ತು ಎಂದ ಒಬ್ಬ; ಬಾಟಲಿ ಇತ್ತು ಎಂದ ಇನ್ನೊಬ್ಬ. ನರ್ಸಿಂಗ್ ಓದುತ್ತಿದ್ದ ಜನನಿಗೆ ಬಸ್ಸಿನಲ್ಲಿ ಯಾರೋ ಅನುಕಂಪದಿಂದಲೇ ಆ ಮಾತು ಹೇಳಿದರಂತೆ.

ತಿಂಗಳ ಕರ್ಮ ಮುಗಿದ ಮೇಲೆ ಕಮಲಂ ಕೆತ್ತಿಗೆ ಬಂದಳು. ಒಳಗೆ ಕೂರಲಿಲ್ಲ, ಬಾಗಿಲಲ್ಲೇ ನಿಂತಳು.

“ಅಣ್ಣಾ, ಅವರು ಕುಡಿಯಲಿಲ್ಲೆ. ಬೆಳಿಗ್ಗೆ ಎನ್ನ ಕೈಯಲಿ ಕಾಪಿ ಕುಡಿದು ಹೋದವರು. ಎನ್ನ ಮಗಳು ತಲೆ ಎತ್ತಿ ನಡೆಯಬೇಕು. ಆ ಗಾಡಿ ನೀ ಜೋಡಿಸಿದ್ದು. ಏಕ ಹೀಗೆ ಆಯಿತು ಅಂತ ನಿನಗ ಗೊತ್ತಾಗದಿದ್ದರೆ ಯಾರಿಗ ಗೊತ್ತಾಗುತ್ತದೆ?”

ಭೋಜನ್ ತಲೆ ತಗ್ಗಿಸಿ, “ನಾ ನೋಡುತ್ತೆ” ಎಂದ.

ಪೊಲೀಸರು ಬಿಟ್ಟುಕೊಟ್ಟ ಕಾರನ್ನು ಲಾರಿಯಲ್ಲಿ ಹಾಕಿಸಿ ತಂದು ಅದೇ ಕೊಟ್ಟಿಗೆಯಲ್ಲಿ ಇಳಿಸಿದ. ಲಿಂಗಿ ಅತ್ತ ಬರಲಿಲ್ಲ. ಅವನು ಎರಡನೆಯ ಸಲ ಬಿಚ್ಚಲು ಕೂತ. ಮೊದಲ ಸಲದ ಹಾಗೆಯೇ, ಒಂದೊಂದನ್ನೂ ಬಿಚ್ಚಿ, ನೋಡಿ, ಅದರ ಡಬ್ಬಿಗೆ ಹಾಕುತ್ತ. ಚಕ್ರದ ಬ್ರೇಕುಗಳು ಸರಿಯಿದ್ದವು. ಎಣ್ಣೆ ಎಲ್ಲೂ ಸೋರಿರಲಿಲ್ಲ. ಕೈಬ್ರೇಕಿನ ಸರಳು ಕೊನೆಯ ಹಲ್ಲಿನವರೆಗೆ ಎಳೆದು ನಿಂತಿತ್ತು. ಅದರ ತಂತಿ ಎಳೆತಕ್ಕೆ ಎಳೆಎಳೆಯಾಗಿ ಬಿಚ್ಚಿಹೋಗಿತ್ತು. ಭೋಜನ್ ಆ ಸರಳಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿದ. ಮೈಮರೆತು ಇಳಿದುಹೋದವನು ಹೀಗೆ ಎಳೆಯುವುದಿಲ್ಲ. ಹುಡುಗ ಕೊನೆಯವರೆಗೂ ಎಚ್ಚರವಾಗಿದ್ದ. ಒಂದನೇ ಗೇರಿಗೆ ತಳ್ಳಲು ನೋಡಿದ್ದಾನೆ, ಅದು ಕೂತಿಲ್ಲ, ನ್ಯೂಟ್ರಲ್‌ನಲ್ಲಿ ಉಳಿದಿದೆ. ಕಾಲ ಬ್ರೇಕು ಮಾತ್ರ ಅವನಿಗೆ ಸಿಕ್ಕಿಲ್ಲ.

ಅವನು ಮಲಗಿ ಪೆಡಲ್ಲಿನ ಕೆಳಗೆ ತಲೆ ಹಾಕಿದ. ಪೆಡಲ್ಲು ಯಾವುದಕ್ಕೂ ಸಂಬಂಧವಿಲ್ಲದೆ ಜೋತಾಡುತ್ತಿತ್ತು. ನೆಲದ ಚಾಪೆಯ ಮಡಿಕೆಯಲ್ಲಿ ಅಡ್ಡಕೀಲು ಸಿಕ್ಕಿತು. ಅದರ ಪಕ್ಕದಲ್ಲೇ ಸವೆದು ತುಂಡಾದ ತಾಮ್ರದ ತಂತಿ.

ಕೂಡಲೇ ಎಲ್ಲ ನೆನಪಾಯಿತು, ಆ ಬೇಸಿಗೆ, ತಂತಿ ತಿರುಚಿದ ಇಕ್ಕಳ ಕೂಡ. ಅವನು ಎದ್ದು ಸೀಳುಪಿನ್ನುಗಳ ಡಬ್ಬಿಯನ್ನು ನೆಲಕ್ಕೆ ಸುರಿದ. ಉಳಿಕೆ ಪಿನ್ನುಗಳ ನಡುವೆ ಅದು ಇತ್ತು, ವಾಷರಿನ ಜೊತೆ, ಕೆಂಪು ದಾರ ಕಟ್ಟಿದ ಹಾಗೆಯೇ. ಮಳೆಯಲ್ಲಿ ನೆನೆದು ದಾರದ ಬಣ್ಣ ಅರ್ಧ ಹೋಗಿತ್ತು. ಮೇಲೆ ನಯವಾಗಿ ಸವರಿದ ಎಣ್ಣೆ ಇತ್ತು. ಯಾರ ಕೈ ಸವರಿದ್ದು ಎಂದು ಯೋಚಿಸಬೇಕಾಗಿರಲಿಲ್ಲ. ಕೆಂಪು ಡಬ್ಬಿ ಖಾಲಿಯೆಂದು ನಂಬಿ ಒಂದು ಸಲ ಬಗ್ಗಿ ಪೆಡಲ್ಲಿನ ಅಡಿ ನೋಡದೆ ಹೋದದ್ದು ತಾನು, ಅದೂ ನಿಜ. ಎರಡನ್ನೂ ತೂಗಿ ನೋಡುವ ಶಕ್ತಿ ಅವನಿಗೆ ಆಗ ಇರಲಿಲ್ಲ.

ಹಿಂದೆ ಹೆಜ್ಜೆಯ ಸದ್ದಾಯಿತು. ಕಾರು ಬಂದ ಮೇಲೆ ಲಿಂಗಿ ಕೊಟ್ಟಿಗೆಗೆ ಬಂದದ್ದು ಅದೇ ಮೊದಲು. ಭೋಜನ್ ಉಗುರಿನಿಂದ ದಾರವನ್ನು ಕಿತ್ತು ಅಂಗೈಯೊಳಗೆ ಮುಚ್ಚಿಕೊಂಡ.

“ಸಿಕ್ಕಿತಾ?” ಎಂದಳು ಅವಳು.

“ಸಿಕ್ಕಿತು.” ಅವನು ಪಿನ್ನನ್ನು ತೋರಿಸಿದ. “ಬ್ರೇಕಿಗ ಇದ ಹಾಕಬೇಕಿತ್ತು. ನಾ ಹಾಕಲಿಲ್ಲೆ. ಮರೆತೆ.”

ಲಿಂಗಿ ಅವನ ಕೈಯಲ್ಲಿದ್ದ ಆ ಚೂರನ್ನು ನೋಡಿದಳು. ತಲೆಗೂದಲಿಗೆ ಸಿಕ್ಕಿಸುವ ಪಿನ್ನಿಗಿಂತ ಚಿಕ್ಕದು.

“ಇದಕ್ಕಾ?” ಎಂದಳು. “ಇಷ್ಟಕ್ಕಾ ಎನ್ನ ಕೂಸು ಹೋದದ್ದು?”

ಮರುದಿನ ಭೋಜನ್ ತುಮ್ಮನಟ್ಟಿಗೆ ಹೋಗಿ ಹಟ್ಟಿಯ ಹಿರಿಯರನ್ನು ಸೇರಿಸಲು ಹೇಳಿದ. ಎಲ್ಲರ ಮುಂದೆ, ಕಮಲಂ ಮತ್ತು ಜನನಿ ಕೇಳುವ ಹಾಗೆ, ಕೈಬ್ರೇಕಿನ ಹರಿದ ತಂತಿಯನ್ನು ನೆಲದ ಮೇಲಿಟ್ಟು ಹೇಳಿದ. ಹುಡುಗ ಕುಡಿದಿರಲಿಲ್ಲ, ಗಾಡಿಯನ್ನು ಸುಮ್ಮನೆ ಬಿಟ್ಟುಕೊಂಡು ಹೋಗಿರಲಿಲ್ಲ, ಬದುಕಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದ. ತಪ್ಪು ನನ್ನದು. ಠಾಣೆಗೂ ಹೋಗಿ ಅದನ್ನೇ ಹೇಳಿದ. ಅಲ್ಲಿದ್ದವನು, ಮುಗಿದುಹೋದ ಕೇಸು, ವಯಸ್ಸಾದವರು ಮನೆಗೆ ಹೋಗಿ ಎಂದ.

ಬಾಟಲಿಯ ಮಾತು ನಿಂತಿತು. ಅದರ ಬದಲು ಬೇರೆ ಮಾತು ಹುಟ್ಟಿತು. ಬಸ್ ಸ್ಟಾಪಿನಲ್ಲಿ ಅವನು ಬಂದರೆ ಬೆಂಚಿನ ಮೇಲಿದ್ದವರು ಎದ್ದು ಹೋಗುತ್ತಿರಲಿಲ್ಲ; ಮಾತು ಮಾತ್ರ ನಿಲ್ಲಿಸುತ್ತಿದ್ದರು. ಆ ಹಳೆಯ ಅಡ್ಡಹೆಸರನ್ನು ಯಾರೂ ಮತ್ತೆ ಬಾಯಲ್ಲಿ ತರಲಿಲ್ಲ. ಮಣಿಕಂಡನ್ ಎಂಬ ಗುಜರಿಯವನು ಬಂದು ಕಾರನ್ನೂ ಡಬ್ಬಿಗಳನ್ನೂ ಒಟ್ಟಿಗೆ ಹೊತ್ತುಕೊಂಡು ಹೋದ.

ಲಿಂಗಿ ಒಂದು ಮಾತೂ ಬೈಯಲಿಲ್ಲ. ಅನ್ನ ಬಡಿಸುವಳು, ಎದುರು ಕೂರಳು. ನಾಲ್ಕು ಜೊತೆ ಬಟ್ಟೆಯನ್ನು ಚೀಲಕ್ಕೆ ತುಂಬಿದ ದಿನ ಮಾತ್ರ ಹೇಳಿದಳು, “ಕಮಲಂ ಒಬ್ಬಳೇ ಹೊಲ ನೋಡಲೆ ಆಗುವುದಿಲ್ಲೆ. ನಾ ಅಲ್ಲಿ ಇರುತ್ತೆ.” ಎಷ್ಟು ದಿನ ಎಂದು ಅವನು ಕೇಳಲಿಲ್ಲ.

ಭಾನುವಾರ ಅವನೇ ತುಮ್ಮನಟ್ಟಿಗೆ ಹೋಗತೊಡಗಿದ. ಮೊದಲು ಮಾತಾಡಿಸಿದವಳು ಕಮಲಂ. “ನೀ ಹೇಳದೆ ಇರಬಹುದಿತ್ತು ಅಣ್ಣಾ. ಹೇಳಿದೆಯಲ್ಲ” ಎಂದು ಕಾಪಿ ಲೋಟ ತಂದುಕೊಟ್ಟಳು. ಲಿಂಗಿ ಅವನು ಬಂದ ಕೂಡಲೇ ಕುಡುಗೋಲು ಹಿಡಿದು ಹೊಲಕ್ಕೆ ಇಳಿಯುತ್ತಿದ್ದಳು. ಅವನು ಕ್ಯಾರೆಟ್ಟು ತೊಳೆಯುವ ತೊಟ್ಟಿಯ ಹತ್ತಿರ ಕೂತು ಮೂಟೆಗೆ ತುಂಬಿಸಿ ಸಂಜೆ ಬಸ್ಸಿಗೆ ಹೊರಡುತ್ತಿದ್ದ.

ಒಂದು ಭಾನುವಾರ ಅವಳಾಗಿಯೇ ತೊಟ್ಟಿಯ ಹತ್ತಿರ ಬಂದು ನಿಂತಳು. ಕೈ ತುಂಬ ಮಣ್ಣು. ಬಹಳ ದಿನ ಯೋಚಿಸಿದ ಮಾತು ಅದು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ನಾ ಒಂದು ಕೇಳುತ್ತೆ, ನಿಜ ಹೇಳು. ಜನ್ಮದಲಿ ಒಂದು ಆಣಿ ಮರೆತವನಲ್ಲೆ ನೀ. ಇದು ಮಾತ್ರ ಏಕ ಮರೆತೆ?”

“ವಯಸ್ಸಾಯಿತು” ಎಂದ ಭೋಜನ್.

“ಆ ಮಳೆಯಲಿ ಡಬ್ಬಿ ಎಲ್ಲಾ ಎತ್ತಿಟ್ಟವಳು ನಾನು.” ಅವಳ ದನಿ ತಗ್ಗಿತು. “ನಾ ಏನಾದರೂ ಆ ಕಡೆದು ಈ ಕಡೆ...”

ಭೋಜನ್ ನೀರಿನಿಂದ ಕೈ ತೆಗೆಯಲಿಲ್ಲ. ಚಳಿಗೆ ಬೆರಳು ಮರಗಟ್ಟಿದ್ದವು. ಹೇಳಿಬಿಟ್ಟರೆ ಇಬ್ಬರೂ ಹೊರಬಹುದು, ಅವಳು ಮನೆಗೆ ಬಂದರೂ ಬಂದಾಳು. ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಅದನ್ನು ಹೊತ್ತುಕೊಂಡು ಎಷ್ಟು ದಿನ ಬದುಕುತ್ತಾಳೆ ಎನ್ನುವುದೂ ಅವನಿಗೆ ಗೊತ್ತಿತ್ತು.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲೆ” ಎಂದ. “ಆ ಪಿನ್ನು ಡಬ್ಬಿಗೇ ಹೋಗಲಿಲ್ಲೆ. ಎನ್ನ ಅಂಗಿ ಜೇಬಿನಲಿ ಇತ್ತು.”

ಲಿಂಗಿ ಅವನನ್ನೇ ನೋಡಿದಳು. ಅವಳ ಭುಜ ಸಡಿಲವಾಯಿತು, ಉಸಿರು ಹೊರಬಂತು. ಮರುಗಳಿಗೆಯಲ್ಲೇ ಆ ಮುಖ ಗಟ್ಟಿಯಾಯಿತು, ಅವನು ಹಿಂದೆಂದೂ ಕಾಣದಷ್ಟು.

“ಜೇಬಿನಲಿ ಇಟ್ಟುಕೊಂಡು ಎನ್ನ ತಮ್ಮನ ಕಳಿಸಿದೆ” ಎಂದಳು. “ಇನ್ನು ಇಲ್ಲಿ ಬರಬೇಡ.”

ಅವಳು ತಿರುಗಿ ಹೊಲದ ಮೆಟ್ಟಿಲು ಇಳಿದು ಹೋದಳು. ಭೋಜನ್ ಉಳಿದ ಕ್ಯಾರೆಟ್ಟುಗಳನ್ನು ತೊಳೆದು, ಮೂಟೆಯ ಬಾಯಿ ಹೊಲಿದು, ಕಮಲಂಗೆ ಹೇಳಿ ರಸ್ತೆಗೆ ಬಂದ. ಬಸ್ಸು ತಡವಾಗಿತ್ತು. ಮಂಜು ಮೇಲೇರಿ ಎದುರಿನ ಹೊಲಗಳೆಲ್ಲ ಮುಚ್ಚಿಹೋಗುವವರೆಗೂ ಅವನು ಅಲ್ಲೇ ನಿಂತಿದ್ದ.